ಸೊಮಾಲಿ ಕರಾವಳಿಯ ತಣ್ಣೀರು ಮತ್ತು ಉಪಗ್ರಹ ರೇಡಾರ್ ಅಳೆಯುವ ಗಾಳಿ

ಉಪಗ್ರಹದ ಸ್ಕ್ಯಾಟರೋಮೀಟರ್ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿ ನೀರಿನ ಮೇಲೆ ಎಬ್ಬಿಸುವ ಕಿರುದೆರೆಗಳಿಂದ ಚದುರಿ ಮರಳುವ ರೇಡಾರ್ ಪ್ರತಿಧ್ವನಿಯನ್ನು ಅದು ಅಳೆಯುತ್ತದೆ. ವೇಗ ಮತ್ತು ದಿಕ್ಕು ಆಮೇಲಿನ ಲೆಕ್ಕಾಚಾರ. 1978ರ ಸೀಸ್ಯಾಟ್‌ನಿಂದ ಇಸ್ರೋದ ಓಷನ್‌ಸ್ಯಾಟ್-2 (2009), ಸ್ಕ್ಯಾಟ್‌ಸ್ಯಾಟ್-1 (2016), ಓಷನ್‌ಸ್ಯಾಟ್-3ರವರೆಗೆ (2022) ತತ್ತ್ವ ಇದೇ. ಆ ಫಲಿತಾಂಶ ಕಡಲಲ್ಲಿ ಲಂಗರು ಹಾಕಿದ ತೇಲುಕೇಂದ್ರಗಳ ಗಾಳಿಮಾಪಕಕ್ಕೆ ಹೊಂದದಿದ್ದಾಗ ಆ ವ್ಯತ್ಯಾಸವನ್ನೆಲ್ಲ ದೋಷವೆಂದು ಬಗೆದು, ಒಂದೇ ಸರಾಸರಿ ತಿದ್ದುಪಡಿಯಿಂದ ಅಳಿಸಿಬಿಡುವ ರೂಢಿಯಿದೆ. ಅದು ತಪ್ಪು ದಾರಿ ಎಂಬುದು ಈ ಲೇಖನದ ವಾದ.

ಇದಕ್ಕೆ ಸೊಮಾಲಿಯಾದ ಕರಾವಳಿಗಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀಸುವ ಬಿರುಗಾಳಿಯ ಪ್ರವಾಹವನ್ನು ಹವಾಮಾನ ವಿಜ್ಞಾನಿ ಫಿಂಡ್ಲೇಟರ್ 1969ರಲ್ಲಿ ವಿವರಿಸಿದರು. ಪಶ್ಚಿಮ ಘಟ್ಟಕ್ಕೆ ಮುಂಗಾರು ಮಳೆ ತರುವುದೂ ಅದೇ ಗಾಳಿ. ಅದರ ಒತ್ತಡಕ್ಕೆ ಆಳದ ನೀರು ಮೇಲೆದ್ದು, ಕೆಲವೆಡೆ ಕಡಲ ಮೇಲ್ಮೈ 20 ಡಿಗ್ರಿ ಸೆಲ್ಸಿಯಸ್‌ಗಿಂತಲೂ ತಣ್ಣಗಾಗುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಮಳೆ ವಿರಳ. ಹಾಗಾಗಿ ಹನಿಗಳು ರೇಡಾರ್ ಸಂಕೇತವನ್ನು ಕೆಡಿಸುವ ತೊಡಕು ಕಡಿಮೆ; ಉಳಿದ ಕಾರಣಗಳನ್ನು ಬಿಡಿಸಿ ನೋಡಬಹುದು.

ಅವು ಮೂರು, ಮತ್ತು ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಮೊದಲನೆಯದು ಸ್ನಿಗ್ಧತೆ. 20 ಡಿಗ್ರಿಯ ನೀರು 28 ಡಿಗ್ರಿಯ ನೀರಿಗಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ಸ್ನಿಗ್ಧ. ಅದರಲ್ಲಿ ಅತಿ ಸಣ್ಣ ತೆರೆಗಳು ಬೇಗ ಅಡಗುತ್ತವೆ. ಇಸ್ರೋ ಉಪಕರಣಗಳ ಕೆಯು-ಬ್ಯಾಂಡ್ ರೇಡಾರ್ ಸ್ಪಂದಿಸುವುದು ಸುಮಾರು ಒಂದೂವರೆ ಸೆಂಟಿಮೀಟರಿನ ತೆರೆಗಳಿಗೆ. ಪ್ರತಿಧ್ವನಿಯಿಂದ ಗಾಳಿಯನ್ನು ಲೆಕ್ಕಹಾಕುವ ಸೂತ್ರ ನೀರಿನ ಉಷ್ಣತೆಯನ್ನು ಪರಿಗಣಿಸದಿದ್ದರೆ ಇಲ್ಲಿ ಗಾಳಿಯನ್ನು ಕಡಿಮೆ ತೋರಿಸುತ್ತದೆ. ಇದು ನಿಜವಾದ ದೋಷ. ಎರಡನೆಯದು ವಾಯುಸ್ತರದ ಸ್ಥಿರತೆ: ತಣ್ಣೀರಿನ ಮೇಲೆ ಬೆಚ್ಚನೆಯ ಗಾಳಿ ಹಾಯುವಾಗ ಮೇಲಿನ ಗಾಳಿಯ ಆವೇಗ ನೀರಿಗೆ ಅಷ್ಟಾಗಿ ತಲುಪುವುದಿಲ್ಲ. ಸ್ಕ್ಯಾಟರೋಮೀಟರ್ ಕೊಡುವುದು ಸ್ಥಿರತೆಯ ಪ್ರಭಾವವನ್ನು ಬದಿಗಿಟ್ಟು ಕಲ್ಪಿಸಿದ, 10 ಮೀಟರ್ ಎತ್ತರದ ಗಾಳಿ. ಅದು ನೈಜ ಗಾಳಿಗಿಂತ ಕಡಿಮೆಯೇ ಇರಬೇಕು. ಮೂರನೆಯದು ಸೊಮಾಲಿ ಪ್ರವಾಹ. ಸೆಕೆಂಡಿಗೆ 2 ಮೀಟರ್ ಮೀರಬಲ್ಲ ಈ ಪ್ರವಾಹ ಮುಂಗಾರಿನಲ್ಲಿ ಬಹುಮಟ್ಟಿಗೆ ಗಾಳಿಯ ದಿಕ್ಕಿನಲ್ಲೇ ಹರಿಯುತ್ತದೆ. ರೇಡಾರ್ ಗ್ರಹಿಸುವುದು ಚಲಿಸುವ ನೀರಿಗೆ ಸಾಪೇಕ್ಷವಾದ ಗಾಳಿಯನ್ನು. ಲಂಗರಿಗೆ ಕಟ್ಟಿದ ಮಾಪಕ ಗ್ರಹಿಸುವುದು ನೆಲಕ್ಕೆ ಸಾಪೇಕ್ಷವಾದದ್ದನ್ನು. ಕಡೆಯ ಎರಡೂ ಅಳತೆಯ ವ್ಯಾಖ್ಯೆಯಲ್ಲೇ ಇರುವ ವ್ಯತ್ಯಾಸಗಳು, ತಿದ್ದಬೇಕಾದವಲ್ಲ.

ಇವನ್ನು ಬೇರ್ಪಡಿಸಲು ಒಂದು ಉಪಾಯವಿದೆ. ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ಎಂಬ ಸ್ಕ್ಯಾಟರೋಮೀಟರ್ ಇನ್ನೂ ಉದ್ದದ ರೇಡಾರ್ ತರಂಗಗಳ ಸಿ-ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ. ಅದು ಸ್ಪಂದಿಸುವ ಹಲವು ಸೆಂಟಿಮೀಟರಿನ ತೆರೆಗಳ ಮೇಲೆ ಸ್ನಿಗ್ಧತೆಯ ಪ್ರಭಾವ ಕಡಿಮೆ. ಸ್ಥಿರತೆ ಮತ್ತು ಪ್ರವಾಹದ ಪರಿಣಾಮ ಮಾತ್ರ ಎರಡೂ ಬ್ಯಾಂಡ್‌ಗಳಿಗೆ ಸಮಾನ. ಹತ್ತಿರದ ಹೊತ್ತಿನ ಎರಡು ಅಳತೆಗಳನ್ನು ಒಂದರಿಂದೊಂದು ಕಳೆದಾಗ ಉಳಿಯುವ, ಕಡಲ ಉಷ್ಣತೆಯೊಂದಿಗೆ ಬದಲಾಗುವ ಭಾಗ ಮುಖ್ಯವಾಗಿ ಸ್ನಿಗ್ಧತೆಯದು. ಕೆಯು-ಬ್ಯಾಂಡ್ ಸೂತ್ರದಲ್ಲಿ ತಿದ್ದಬೇಕಾದದ್ದು ಅಷ್ಟನ್ನೇ.

ಉಳಿದದ್ದನ್ನೂ ತಿದ್ದಿದರೆ ತೇಲುಕೇಂದ್ರದೊಡನೆ ಹೊಂದಾಣಿಕೆ ಸುಧಾರಿಸೀತು, ಆದರೆ ಕಡಲಿಗೆ ನಿಜವಾಗಿ ತಟ್ಟುವ ಒತ್ತಡದ ಮಾಹಿತಿ ಕಳೆದುಹೋಗುತ್ತದೆ. ಸಾಗರ ಮಾದರಿಗಳಿಗೆ ಈ ಗಾಳಿಯನ್ನು ಉಣಿಸುವವರಿಗೂ ಇದೇ ಎಚ್ಚರ ಬೇಕು: ಪ್ರವಾಹದ ವೇಗವನ್ನು ಮಾದರಿಯೊಳಗೆ ಮತ್ತೆ ಕಳೆದರೆ ಒಂದೇ ಪರಿಣಾಮವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.