ಒಪ್ಪಿಸಿದ ಹೊಣೆ: ಅಮೆರಿಕದ ಭೂಸೇನಾ ಇಲಾಖೆ ಮತ್ತು ಎಕ್ಸಿಕ್ಯುಟಿವ್ ಏಜೆಂಟ್ ಪದ್ಧತಿ

ಅಮೆರಿಕದ ರಕ್ಷಣಾ ಇಲಾಖೆಯೊಳಗೆ ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಒಂದೊಂದು ಇಲಾಖೆ ಇದೆ. ಮೂರಕ್ಕೂ ಬೇಕಾದ ಒಂದು ಕೆಲಸವನ್ನು ಮೂವರೂ ಬೇರೆ ಬೇರೆಯಾಗಿ ಮಾಡುವ ಬದಲು ಒಂದೇ ಇಲಾಖೆಗೆ ವಹಿಸಿ, ಎಲ್ಲರ ಪರವಾಗಿ ಅದನ್ನು ನಡೆಸುವಂತೆ ರಕ್ಷಣಾ ಸಚಿವರು ಆದೇಶಿಸುವ ಪದ್ಧತಿ ಅಲ್ಲಿ ಬೆಳೆದು ಬಂದಿದೆ. ಹೀಗೆ ಹೊಣೆ ಹೊತ್ತವರನ್ನು ಎಕ್ಸಿಕ್ಯುಟಿವ್ ಏಜೆಂಟ್ ಎನ್ನುತ್ತಾರೆ. ಈ ಹೊಣೆ ಬೇರೆಲ್ಲರಿಗಿಂತ ಹೆಚ್ಚಾಗಿ ಭೂಸೇನಾ ಇಲಾಖೆಯ ಪಾಲಿಗೆ ಬಂದಿದೆ. ಒಂದು ಯುದ್ಧ, ಒಂದು ದ್ವೀಪಸಮೂಹದ ಆಡಳಿತ, ಮೂರೂ ಪಡೆಗಳ ಮದ್ದುಗುಂಡು, ನಾಯಿಗಳ ಚಿಕಿತ್ಸೆ, ವಿಷಾನಿಲದ ನಾಶ, ಇವೆಲ್ಲ ಅದು ಬೇರೆ ಬೇರೆ ಕಾಲದಲ್ಲಿ ಹೊತ್ತ ಹೊರೆಗಳು.

ಇದರ ಬೇರು ಎರಡನೇ ಮಹಾಯುದ್ಧ ಮುಗಿದ ಬಳಿಕದ ದಿನಗಳಲ್ಲಿದೆ. 1946ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಒಪ್ಪಿದ ಯೋಜನೆಯಂತೆ ದೂರದ ಪೂರ್ವ, ಪೆಸಿಫಿಕ್, ಯೂರೋಪ್ ಮುಂತಾದ ಕಡೆ ಮೂರೂ ಪಡೆಗಳು ಒಬ್ಬನೇ ದಂಡನಾಯಕನ ಕೈಕೆಳಗೆ ಬಂದವು. ಆ ದಂಡನಾಯಕನಿಗೆ ವಾಷಿಂಗ್ಟನ್‌ನಿಂದ ಆದೇಶ ಕಳಿಸುವವರು ಯಾರು ಎಂಬ ಪ್ರಶ್ನೆ ಆಗ ಎದ್ದಿತು. ಸೇನಾ ಮುಖ್ಯಸ್ಥರ ಜಂಟಿ ಸಮಿತಿ ಚರ್ಚಿಸಬಲ್ಲದು, ತೀರ್ಮಾನಿಸಬಲ್ಲದು. ದಿನದಿನದ ತಂತಿಗಳಿಗೆ ಉತ್ತರ ಕೊಡಲು ಅದಕ್ಕೆ ಕಚೇರಿಯೂ ಇರಲಿಲ್ಲ, ಜನವೂ ಇರಲಿಲ್ಲ. ಅದಕ್ಕಾಗಿ ಸಮಿತಿಯ ಒಬ್ಬ ಸದಸ್ಯನೇ ಉಳಿದವರ ಪರವಾಗಿ ಆ ಕೆಲಸ ನೋಡಿಕೊಳ್ಳುವ ಏರ್ಪಾಡಾಯಿತು. 1947ರ ರಾಷ್ಟ್ರೀಯ ಭದ್ರತಾ ಕಾಯ್ದೆಯಿಂದ ರಕ್ಷಣಾ ಸಚಿವರ ಹುದ್ದೆ ಹುಟ್ಟಿತು. ಆ ಹುದ್ದೆಗೆ ಮೊದಲು ಬಂದ ಜೇಮ್ಸ್ ಫಾರೆಸ್ಟಲ್ 1948ರ ಮಾರ್ಚ್‌ನಲ್ಲಿ ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ಯಾರ ಕೆಲಸ ಯಾವುದೆಂದು ಗೆರೆ ಎಳೆಸಿದಾಗ ಈ ಏರ್ಪಾಡಿಗೂ ಲಿಖಿತ ಒಪ್ಪಿಗೆ ಸಿಕ್ಕಿತು. ದೂರದ ಪೂರ್ವದ ದಂಡಿಗೆ ಏಜೆಂಟ್ ಆದವರು ಭೂಸೇನೆಯ ಮುಖ್ಯಸ್ಥರು.

ಕಾಗದದ ಮೇಲಿನ ಈ ಏರ್ಪಾಡು ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಕೊರಿಯಾದಲ್ಲಿ. 1950ರ ಜೂನ್ 25ರಂದು ಉತ್ತರ ಕೊರಿಯಾದ ಪಡೆಗಳು ದಕ್ಷಿಣಕ್ಕೆ ನುಗ್ಗಿದವು. ಟೋಕಿಯೊದಲ್ಲಿದ್ದ ದೂರದ ಪೂರ್ವದ ದಂಡನಾಯಕ ಜನರಲ್ ಮ್ಯಾಕ್‌ಆರ್ಥರ್ ಜೂನ್ 29ರಂದು ರಣರಂಗವನ್ನು ಕಣ್ಣಾರೆ ಕಂಡು ಬಂದು, ಅಮೆರಿಕದ ಕಾಲಾಳು ಪಡೆ ಕೂಡಲೇ ಬಾರದಿದ್ದರೆ ದಕ್ಷಿಣ ಕೊರಿಯಾ ಉಳಿಯದು ಎಂದು ವರದಿ ಕಳಿಸಿದರು. ಅದು ತಲುಪಿದಾಗ ವಾಷಿಂಗ್ಟನ್‌ನಲ್ಲಿ ಜೂನ್ 30ರ ನಡುರಾತ್ರಿ ಕಳೆದಿತ್ತು. ಭೂಸೇನಾ ಮುಖ್ಯಸ್ಥ ಜೆ. ಲಾಟನ್ ಕಾಲಿನ್ಸ್ ಅವರನ್ನು ನಿದ್ದೆಯಿಂದ ಎಬ್ಬಿಸಲಾಯಿತು. ಬೆಳಗಿನ ಜಾವ 3 ಗಂಟೆ 40 ನಿಮಿಷಕ್ಕೆ ಪೆಂಟಗನ್‌ನ ಟೆಲಿಕಾನ್ ಕೋಣೆಯಲ್ಲಿ ಮಾತುಕತೆ ಶುರುವಾಯಿತು. ಅದು ದನಿಯ ಮಾತುಕತೆಯಲ್ಲ. ಟೋಕಿಯೊದಲ್ಲಿ ಟೈಪ್ ಮಾಡಿದ ಸಾಲುಗಳು ಪೆಂಟಗನ್‌ನ ಪರದೆಯ ಮೇಲೆ ಮೂಡುತ್ತಿದ್ದವು, ಇಲ್ಲಿಯ ಉತ್ತರ ಅಲ್ಲಿ ಮೂಡುತ್ತಿತ್ತು.

ಮ್ಯಾಕ್‌ಆರ್ಥರ್ ಒಂದು ತುಕಡಿಯನ್ನು ಆ ಗಳಿಗೆಯಲ್ಲೇ ಕಳಿಸಲು ಅನುಮತಿ ಕೇಳಿದರು. ಏಜೆಂಟ್ ಆಗಿದ್ದ ಕಾಲಿನ್ಸ್‌ಗೆ ಆದೇಶ ರವಾನಿಸುವ ಅಧಿಕಾರವಿತ್ತು, ಯುದ್ಧಕ್ಕೆ ಕಾಲಾಳು ಇಳಿಸುವ ಅಧಿಕಾರವಿರಲಿಲ್ಲ. ಅವರು ಭೂಸೇನಾ ಕಾರ್ಯದರ್ಶಿ ಫ್ರಾಂಕ್ ಪೇಸ್‌ಗೆ ಫೋನ್ ಮಾಡಿದರು. ಪೇಸ್ 5 ಗಂಟೆಗೆ ಕೆಲವೇ ನಿಮಿಷ ಮುಂಚೆ ಬ್ಲೇರ್ ಹೌಸ್ ನಿವಾಸದಲ್ಲಿದ್ದ ಟ್ರೂಮನ್‌ಗೆ ಫೋನ್ ಮಾಡಿದರು. ಅಧ್ಯಕ್ಷರು ಅಷ್ಟು ಹೊತ್ತಿಗೆ ಎದ್ದಿದ್ದರು, ಒಪ್ಪಿಗೆ ಅಲ್ಲೇ ಸಿಕ್ಕಿತು. ಕಾಲಿನ್ಸ್ ಅದನ್ನು ಟೋಕಿಯೊಗೆ ತಿಳಿಸಿದರು. ಜಂಟಿ ಸಮಿತಿಯ ಉಳಿದ ಸದಸ್ಯರೊಡನೆ ಮೊದಲು ಸಮಾಲೋಚನೆ ನಡೆದಿರಲಿಲ್ಲ, ಅವರಿಗೆ ವಿಷಯ ಮುಟ್ಟಿದ್ದು ಅನಂತರ. ಅದೇ ಬೆಳಿಗ್ಗೆ ನಡೆದ ಸಭೆಯಲ್ಲಿ ಟ್ರೂಮನ್ ಇನ್ನೂ ದೊಡ್ಡ ಪಡೆಗೆ ಒಪ್ಪಿಗೆ ಕೊಟ್ಟರು. ಆ ಬೆಳಗಿನ ಜಾವ ಪದ್ಧತಿಯ ಬಲ, ಅಪಾಯ ಎರಡೂ ಕಾಣಿಸಿಕೊಂಡವು. ದಾರಿ ಚಿಕ್ಕದಾಗಿತ್ತು, ತೀರ್ಮಾನ ಅದರ ಒಡೆಯನ ಬಳಿಗೇ ಹೋಯಿತು. ಆದರೆ ಏಜೆಂಟ್ ಯಾರ ಪರವಾಗಿ ಕೆಲಸ ಮಾಡಬೇಕಿತ್ತೋ ಅವರೇ ಆ ದಾರಿಯಲ್ಲಿ ಇರಲಿಲ್ಲ.

ಮುಂದಿನ ಮೂರು ವರ್ಷ ಕೊರಿಯಾಕ್ಕೆ ಹೋಗುವ ಆದೇಶಗಳ ಕರಡನ್ನು ಹೆಚ್ಚಾಗಿ ಭೂಸೇನೆಯ ಅಧಿಕಾರಿಗಳೇ ಬರೆದರು. ಜಂಟಿ ಸಮಿತಿ, ರಕ್ಷಣಾ ಸಚಿವರು, ಅಗತ್ಯವಿದ್ದಲ್ಲಿ ಅಧ್ಯಕ್ಷರು ಅದನ್ನು ಒಪ್ಪಿದ ಮೇಲೆ ಟೋಕಿಯೊಗೆ ರವಾನೆಯಾಗುತ್ತಿತ್ತು. 1953ರ ಜುಲೈ 27ರ ಕದನವಿರಾಮದ ಬಳಿಕ, ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳನ್ನು ಟೋಕಿಯೊದ ದಂಡು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಿತು. ಆಯೋಗದ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಕೈದಿಗಳ ಕಾವಲು ಭಾರತೀಯ ಪಡೆಯದಾಗಿತ್ತು.

ಸಮವಸ್ತ್ರಧಾರಿಯೊಬ್ಬ ಏಜೆಂಟ್ ಆಗಿರುವುದು ಟ್ರೂಮನ್ ಬಳಿಕ ಅಧ್ಯಕ್ಷರಾದ ಐಸೆನ್‌ಹೋವರ್‌ಗೆ ಹಿಡಿಸಲಿಲ್ಲ. ಅವರ 1953ರ ಮರುಸಂಘಟನೆಯಂತೆ ಆ ಹೊಣೆ ಸೇನಾ ಮುಖ್ಯಸ್ಥನಿಂದ ಇಲಾಖೆಗೆ, ಎಂದರೆ ಅದರ ನಾಗರಿಕ ಕಾರ್ಯದರ್ಶಿಗೆ ಹೋಯಿತು. ಯಾವ ದಂಡಿಗೆ ಯಾವ ಇಲಾಖೆ ಎಂದು ರಕ್ಷಣಾ ಸಚಿವರೇ ಗೊತ್ತುಮಾಡತೊಡಗಿದರು. ನಾಗರಿಕ ಹಿಡಿತ ಬಿಗಿಯಾಯಿತು, ಆದರೆ ದಾರಿ ಇನ್ನೊಂದು ಮೆಟ್ಟಿಲು ಉದ್ದವಾಯಿತು. 1958ರ ಆಗಸ್ಟ್‌ನ ಕಾಯ್ದೆ ಆ ಮೆಟ್ಟಿಲನ್ನೇ ತೆಗೆದುಹಾಕಿತು. ಅಂದಿನಿಂದ ಯುದ್ಧದ ಆದೇಶ ಅಧ್ಯಕ್ಷರಿಂದ ರಕ್ಷಣಾ ಸಚಿವರಿಗೆ, ಅವರಿಂದ ದಂಡನಾಯಕರಿಗೆ ಹೋಗುತ್ತದೆ. ಪಡೆಗಳನ್ನು ಕಟ್ಟುವುದು, ತರಬೇತಿ ಕೊಡುವುದು, ಸಜ್ಜುಗೊಳಿಸುವುದಷ್ಟೇ ಇಲಾಖೆಗಳಿಗೆ ಉಳಿಯಿತು.

ಎಕ್ಸಿಕ್ಯುಟಿವ್ ಏಜೆಂಟ್ ಪದ್ಧತಿ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ, ರಣರಂಗ ಬಿಟ್ಟು ಆಡಳಿತದ ಕಡೆ ತಿರುಗಿತು. ಓಕಿನಾವಾ ಇದಕ್ಕೆ ದೊಡ್ಡ ನಿದರ್ಶನ. 1945ರಲ್ಲಿ ಅಮೆರಿಕ ವಶಪಡಿಸಿಕೊಂಡ ರ್ಯುಕ್ಯು ದ್ವೀಪಗಳ ಆಡಳಿತವನ್ನು 1957ರ ಜೂನ್ 5ರ ಅಧ್ಯಕ್ಷೀಯ ಆದೇಶ ರಕ್ಷಣಾ ಸಚಿವರಿಗೆ ವಹಿಸಿತು. ಅದರ ನಿತ್ಯದ ನಿರ್ವಹಣೆ ಭೂಸೇನಾ ಇಲಾಖೆಯ ಪಾಲಿಗೆ ಬಂತು. ಅಲ್ಲಿ ಹೈಕಮಿಷನರ್ ಆಗಿ ಕುಳಿತವರೆಲ್ಲ ಭೂಸೇನೆಯ ಲೆಫ್ಟಿನೆಂಟ್ ಜನರಲ್‌ಗಳು. ಸ್ಥಳೀಯ ಶಾಸನಸಭೆ ಮಾಡಿದ ಕಾನೂನನ್ನು ತಳ್ಳಿಹಾಕುವ, ಅಧಿಕಾರಿಗಳನ್ನು ವಜಾ ಮಾಡುವ ಅಧಿಕಾರ ಅವರಿಗಿತ್ತು. 1958ರಲ್ಲಿ ದ್ವೀಪದ ಹಣವೇ ಡಾಲರ್ ಆಯಿತು. 1961ರಿಂದ 1964ರವರೆಗೆ ಆ ಹುದ್ದೆಯಲ್ಲಿದ್ದ ಪಾಲ್ ಕ್ಯಾರವೇ, ಓಕಿನಾವಾದ ಸ್ವಾಯತ್ತತೆ ಬರಿಯ ಕಲ್ಪನೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಆ ಮಾತು ದ್ವೀಪದ ಜನರಿಗೆ ನೋವು ತಂದಿತು. ತಮ್ಮ ಮುಖ್ಯ ಆಡಳಿತಗಾರನನ್ನು ತಾವೇ ಮತ ಹಾಕಿ ಆರಿಸಲು ಅವರು 1968ರವರೆಗೆ ಕಾಯಬೇಕಾಯಿತು. 1972ರ ಮೇ 15ರಂದು ದ್ವೀಪಗಳು ಜಪಾನ್‌ಗೆ ಮರಳಿದವು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ವಹಿಸುತ್ತ ಹೋದ ಅಧಿಕಾರದಲ್ಲಿ, ಆಳಿಸಿಕೊಳ್ಳುವವರ ದನಿ ಮೇಲಿನವರೆಗೆ ಮುಟ್ಟಲು ಎಷ್ಟು ಮೆಟ್ಟಿಲು ಹತ್ತಬೇಕೆಂಬುದಕ್ಕೆ ಈ 15 ವರ್ಷಗಳು ಸಾಕ್ಷಿ.

ಅದಕ್ಕಿಂತ ಕೆಟ್ಟ ಪ್ರಸಂಗ ಸ್ವದೇಶದಲ್ಲೇ ನಡೆಯಿತು. 1967ರ ಡೆಟ್ರಾಯಿಟ್ ಗಲಭೆ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಬಳಿಕ ಊರೂರಲ್ಲಿ ಎದ್ದ ಗಲಭೆ, ಇವುಗಳನ್ನು ಹತೋಟಿಗೆ ತರಲು ಸೈನ್ಯ ಕರೆಸಬೇಕಾದಾಗ ಅದರ ಯೋಜನೆಯ ಹೊಣೆ ಭೂಸೇನಾ ಇಲಾಖೆಯದಾಯಿತು. ಗಲಭೆ ಎಲ್ಲಿ ಏಳಬಹುದೆಂದು ಮೊದಲೇ ತಿಳಿಯಬೇಕೆಂಬ ನೆಪದಲ್ಲಿ ಅದರ ಗುಪ್ತಚರರು ಯುದ್ಧವಿರೋಧಿಗಳು, ನಾಗರಿಕ ಹಕ್ಕುಗಳ ಹೋರಾಟಗಾರರ ಬೆನ್ನು ಹತ್ತಿದರು, ಅವರ ಮೇಲೆ ಕಡತ ಬೆಳೆಸಿದರು. ಸೇನಾ ಗುಪ್ತಚರ ವಿಭಾಗದಲ್ಲಿದ್ದ ಕ್ರಿಸ್ಟೋಫರ್ ಪೈಲ್ 1970ರ ಜನವರಿಯಲ್ಲಿ ಇದನ್ನು ಪತ್ರಿಕಾ ಲೇಖನದಲ್ಲಿ ಬಯಲಿಗೆಳೆದರು. ಮಫ್ತಿಯಲ್ಲಿದ್ದ ಸುಮಾರು 1,000 ಮಂದಿ ಈ ಕೆಲಸದಲ್ಲಿದ್ದರೆಂದು ಅವರು ಬರೆದರು. ಸೆನೆಟರ್ ಸ್ಯಾಮ್ ಅರ್ವಿನ್ 1971ರಲ್ಲಿ ವಿಚಾರಣೆ ನಡೆಸಿದರು. ಇಲಾಖೆಗೆ ವಹಿಸಿದ್ದು ಗಲಭೆಯ ಹೊತ್ತಿಗೆ ಸೈನಿಕರನ್ನು ಒದಗಿಸುವ ಕೆಲಸ. ಅದು ನಾಗರಿಕರ ಮೇಲಿನ ಕಣ್ಗಾವಲಾಗಿ ಹಬ್ಬಿದಾಗ ತಡೆಯಬೇಕಾದ ಮೇಲಿನವರು ಎಷ್ಟೋ ಕಾಲ ತಡೆಯಲಿಲ್ಲ. ಈ ಪದ್ಧತಿಯ ಇತಿಹಾಸದಲ್ಲಿ ಮರೆಯಬಾರದ ಪಾಠ ಇದು.

ಸಾಮಗ್ರಿಯ ಕಡೆ ಕಥೆ ಬೇರೆ. 1955ರ ಸುಮಾರಿಗೆ ಒಂದೊಂದು ಸರಕಿಗೆ ಒಬ್ಬ ನಿರ್ವಾಹಕನೆಂಬ ನೀತಿ ಬಂತು. ಆಹಾರ, ಬಟ್ಟೆ ಭೂಸೇನೆಗೆ, ಪೆಟ್ರೋಲಿಯಂ, ಔಷಧ ನೌಕಾಪಡೆಗೆ ಸೇರಿದವು. ಈ ಬಗೆಯ ಖರೀದಿ ಬಹುಪಾಲು 1962ರ ಹೊತ್ತಿಗೆ ರಕ್ಷಣಾ ಸಚಿವ ಮ್ಯಾಕ್‌ನಮಾರಾ ಸ್ಥಾಪಿಸಿದ ಪ್ರತ್ಯೇಕ ಸಂಸ್ಥೆಗೆ ಹೋಯಿತು. ಮದ್ದುಗುಂಡು ಮಾತ್ರ ಇಲಾಖೆಗಳಲ್ಲೇ ಉಳಿದು, 1977ರ ಅಕ್ಟೋಬರ್ 1ರಂದು ಭೂಸೇನೆಯ ಒಂದೇ ಕೈಗೆ ಬಂತು. ಒಕ್ಲಹೋಮಾದ ಮೆಕಾಲೆಸ್ಟರ್‌ನಲ್ಲಿ 1943ರಿಂದ ನೌಕಾಪಡೆಯ ಮದ್ದಿನ ಕೋಠಿಯೊಂದಿತ್ತು. ಆ ದಿನ ಅದರ ಒಡೆತನ ಭೂಸೇನೆಯದಾಯಿತು, ಆದರೆ ಅಲ್ಲಿ ತಯಾರಾಗುವ ಬಾಂಬುಗಳು ಇಂದಿಗೂ ಹೆಚ್ಚಾಗಿ ಹೋಗುವುದು ವಾಯುಪಡೆ, ನೌಕಾಪಡೆಗಳ ವಿಮಾನಗಳಿಗೆ. ಕಾರ್ಖಾನೆ ಒಬ್ಬರದು, ಬೇಡಿಕೆಯೂ ಹಣವೂ ಇನ್ನೊಬ್ಬರದು. ಗಿರಾಕಿ ಇಲಾಖೆ ತನಗೆಷ್ಟು ಬೇಕೆಂದು ಸರಿಯಾಗಿ ಹೇಳಿ ಹಣ ಕೊಟ್ಟರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಟೆಕ್ಸಾಸ್‌ನ ಲ್ಯಾಕ್‌ಲ್ಯಾಂಡ್ ನೆಲೆಯಲ್ಲಿ ಒಂದು ಹೊಣೆ ಇನ್ನೊಂದರ ಜತೆ ಹೆಣೆದುಕೊಂಡಿರುವುದನ್ನು ನೋಡಬಹುದು. ಸೈನ್ಯದ ನಾಯಿಗಳಿಗೆ ತರಬೇತಿ ಕೊಡುವ ಹೊಣೆ ವಾಯುಪಡೆಯದು, 1958ರಿಂದ ಲ್ಯಾಕ್‌ಲ್ಯಾಂಡ್ ಅದರ ಕೇಂದ್ರ. ಪಶುವೈದ್ಯ ಸೇವೆಯ ಹೊಣೆ ಭೂಸೇನೆಯದು. ವಾಯುಪಡೆ ತನ್ನ ಪಶುವೈದ್ಯ ಸೇವೆಯನ್ನು 1980ರಲ್ಲಿ ಮುಚ್ಚಿದ್ದರಿಂದ, ವಾಯುಪಡೆಯ ನೆಲೆಯಲ್ಲಿ ಅದರ ತರಬೇತುದಾರರು ಪಳಗಿಸಿದ ನಾಯಿಗೆ ಚಿಕಿತ್ಸೆ ಮಾಡುವವರು ಭೂಸೇನೆಯ ವೈದ್ಯರು. ಅಲ್ಲಿಯ ನಾಯಿ ಆಸ್ಪತ್ರೆಗೆ 2006ರಲ್ಲಿ ಇರಾಕ್‌ನಲ್ಲಿ ಮಡಿದ ಭೂಸೇನೆಯ ಪಶುವೈದ್ಯ ಡೇನಿಯಲ್ ಹಾಲೆಂಡ್ ಅವರ ಹೆಸರಿಟ್ಟಿದ್ದಾರೆ. ತರಬೇತಿ ಮುಗಿಸಿದ ನಾಯಿ ನೌಕಾಪಡೆಯ ಹಡಗುಕಟ್ಟೆಗೋ ಮರೀನ್ ಪಡೆಗೋ ಹೋಗಬಹುದು.

ಇಂಥ ಹೊಣೆಗಳು ದಶಕಗಟ್ಟಲೆ ಒಂದೊಂದಾಗಿ, ಒಂದೊಂದು ಆದೇಶದಿಂದ ಹುಟ್ಟಿದ್ದವು. ಯಾವುದು ಯಾರದ್ದು, ಯಾವುದು ಇನ್ನೂ ಬೇಕು ಎಂಬುದಕ್ಕೆ ಒಂದೇ ನಿಯಮವಿರಲಿಲ್ಲ. 2002ರ ಸೆಪ್ಟೆಂಬರ್ 3ರ ರಕ್ಷಣಾ ಇಲಾಖೆಯ ನಿರ್ದೇಶನ ಆ ಕೊರತೆ ನೀಗಿಸಿತು. ಅದರಂತೆ ಏಜೆಂಟ್‌ನನ್ನು ನೇಮಿಸುವ ಅಧಿಕಾರ ರಕ್ಷಣಾ ಸಚಿವರಿಗೆ ಮತ್ತು ಉಪಸಚಿವರಿಗೆ ಮಾತ್ರ. ಕೆಲಸ ಎರಡು ಅಥವಾ ಹೆಚ್ಚು ಅಂಗಗಳಿಗೆ ಸಂಬಂಧಿಸಿರಬೇಕು, ಅದರ ಮಿತಿಯನ್ನೂ ಹಣದ ಮೂಲವನ್ನೂ ಬರೆದಿಡಬೇಕು. ಸಚಿವರ ಕಚೇರಿಯ ಒಬ್ಬ ಹಿರಿಯ ಅಧಿಕಾರಿ ಅದರ ಮೇಲೆ ಕಣ್ಣಿಡಬೇಕು, ಮೂರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕು. ಭೂಸೇನಾ ಕಾರ್ಯದರ್ಶಿ ತನಗೆ ಬಂದ ಕೆಲಸವನ್ನು ತನ್ನ ಇಲಾಖೆಯೊಳಗೆ ಇನ್ನೊಬ್ಬರಿಗೆ ವಹಿಸಬಹುದು, ಆದರೆ ಉತ್ತರ ಹೇಳಬೇಕಾದವರು ಅವರೇ. ಕೊರಿಯಾ, ಓಕಿನಾವಾ, ಗಲಭೆ ಮೂರರಲ್ಲೂ ಕಂಡ ಕೊರತೆಗಳಿಗೆ ಈ ನಿಯಮಗಳಲ್ಲಿ ಉತ್ತರ ಸಿಗುತ್ತದೆ. ಅವುಗಳನ್ನು ಪಾಲಿಸುವುದರಲ್ಲೇ ಎಲ್ಲವೂ ಅಡಗಿದೆ.

ವಹಿಸಿದ ಕೆಲಸವನ್ನು ಮರಳಿ ಪಡೆದದ್ದೂ ಉಂಟು. ಅಮೆರಿಕ ಕೂಡಿಟ್ಟಿದ್ದ 27,000ಕ್ಕೂ ಹೆಚ್ಚು ಮೆಟ್ರಿಕ್ ಟನ್ ರಾಸಾಯನಿಕ ಅಸ್ತ್ರಗಳನ್ನು ನಾಶ ಮಾಡುವ ಹೊಣೆ ಭೂಸೇನೆಯ ಮೇಲಿತ್ತು. 1985ರ ಕಾನೂನು 1994ರೊಳಗೆ ಮುಗಿಸಿ ಎಂದಿತ್ತು. ಅಸ್ತ್ರಗಳನ್ನು ಸುಡಲು ಭೂಸೇನೆ ಯೋಜಿಸಿದ ಕುಲುಮೆಗಳ ಬಳಿಯ ಜನ, ಅದರಲ್ಲೂ ಕೆಂಟಕಿಯವರು, ಹೊಗೆಗೆ ಹೆದರಿ ಎದ್ದುನಿಂತರು. 1996ರಲ್ಲಿ ಕಾಂಗ್ರೆಸ್, ಸುಡದೆ ನಾಶ ಮಾಡುವ ದಾರಿ ಹುಡುಕಲು ಬೇರೊಂದು ಕಾರ್ಯಕ್ರಮ ರೂಪಿಸಿ ಅದನ್ನು ಭೂಸೇನೆಯ ಕುಲುಮೆ ವಿಭಾಗದಿಂದ ಬಿಡಿಸಿ ರಕ್ಷಣಾ ಇಲಾಖೆಯ ಮೇಲಧಿಕಾರಿಗಳ ಅಡಿಗೆ ತಂದಿತು. ಕುಲುಮೆಗಳ ಕೆಲಸ 2012ರ ಜನವರಿಯಲ್ಲಿ ಯೂಟಾದ ಟೂಯೆಲೆಯಲ್ಲಿ ಮುಗಿಯಿತು. ಕೆಂಟಕಿಯ ಬ್ಲೂ ಗ್ರಾಸ್ ಕೋಠಿಯಲ್ಲಿ ಸಾರಿನ್ ತುಂಬಿದ ಕೊನೆಯ ರಾಕೆಟ್ 2023ರ ಜುಲೈ 7ರಂದು ನಾಶವಾಗುವುದರೊಂದಿಗೆ ಈ ದಾಸ್ತಾನಿನ ಹೊಣೆ ತೀರಿತು.