ಮಾತ್ರೆಯೆಂದರೆ ಅಳತೆ

ಔಷಧದ ಗುಳಿಗೆಯನ್ನು ಕನ್ನಡಿಗರು ‘ಮಾತ್ರೆ’ ಎನ್ನುತ್ತಾರೆ. ಛಂದಸ್ಸಿನಲ್ಲಿ ಅದೇ ಪದಕ್ಕೆ ಉಚ್ಚಾರಣೆಯ ಕಾಲಪ್ರಮಾಣವೆಂಬ ಅರ್ಥವಿದೆ. ಮೂಲದಲ್ಲಿ ಈ ಪದದ ಅರ್ಥ ಅಳತೆ. ರೋಗಿಯ ಕೈಗೆ ಬರುವ ವಸ್ತುವಿಗೆ ಅಳತೆಯ ಹೆಸರೇ ನಿಂತಿರುವುದು ಎಷ್ಟು ಉಚಿತವೆಂಬುದನ್ನು ಎರಡು ಔಷಧಗಳ ಚರಿತ್ರೆ ತೋರಿಸುತ್ತದೆ. ಒಂದು ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್. ಇನ್ನೊಂದು ಆಂಟಿಬಯಾಟಿಕ್ ಎಂದು ಜನರು ಕರೆಯುವ ಪ್ರತಿಜೀವಕಗಳಲ್ಲಿ ಪ್ರಸಿದ್ಧವಾದ ಪೆನಿಸಿಲಿನ್.

1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಅಭಿಪ್ರಾಯಕ್ಕಾಗಿ ಒಂದು ಮನೆಮದ್ದು ಬಂದಿತು. ಮೈಯಲ್ಲಿ ನೀರು ತುಂಬಿ ಬಾವು ಬರುವ ರೋಗಕ್ಕೆ ಶ್ರಾಪ್‌ಷೈರಿನ ವೃದ್ಧೆಯೊಬ್ಬಳು ಅದನ್ನು ಗುಟ್ಟಾಗಿ ಕೊಡುತ್ತಿದ್ದಳು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳಿದ್ದವು. ಸಸ್ಯಶಾಸ್ತ್ರವನ್ನೂ ಬಲ್ಲ ವಿದರಿಂಗ್, ಅವುಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಎಂಬ ಗಿಡವೇ ಎಂದು ಗುರುತಿಸಿದರು. ಆದರೆ ಅದೇ ಗಿಡ ವಾಂತಿಭೇದಿಯನ್ನೂ ತರುತ್ತಿತ್ತು. ಎಷ್ಟು ಕೊಟ್ಟರೆ ಮದ್ದು, ಎಷ್ಟು ಕೊಟ್ಟರೆ ವಿಷ ಎಂಬುದನ್ನು ಅರಿಯಲು ಅವರು ಹತ್ತು ವರ್ಷ ರೋಗಿಗಳನ್ನು ಗಮನಿಸಿದರು. 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವೃತ್ತಾಂತವನ್ನೂ ಮರೆಮಾಚದೆ ಬರೆದರು. ನಾಡಿ ನಿಧಾನವಾಗುವುದು, ವಸ್ತುಗಳು ಹಳದಿಯಾಗಿ ಅಥವಾ ಹಸಿರಾಗಿ ಕಾಣುವುದು ಮುಂತಾದ ವಿಷಲಕ್ಷಣಗಳನ್ನು ದಾಖಲಿಸಿದರು. ಮೂತ್ರ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದಾದರೊಂದರ ಮೇಲೆ ಪರಿಣಾಮ ಕಂಡೊಡನೆ ಔಷಧವನ್ನು ನಿಲ್ಲಿಸಬೇಕೆಂಬುದು ಅವರ ನಿಯಮವಾಗಿತ್ತು.

ಈ ನಿಯಮದ ಕಾರಣ ಬಹುಕಾಲದ ಮೇಲೆ ತಿಳಿಯಿತು. 1930ರಲ್ಲಿ ಅದೇ ಕುಲದ ಮತ್ತೊಂದು ಗಿಡದಿಂದ ಡಿಗಾಕ್ಸಿನ್ ಅನ್ನು ಬೇರ್ಪಡಿಸಲಾಯಿತು. ಜೀವಕೋಶದಿಂದ ಸೋಡಿಯಂ ಅನ್ನು ಹೊರಹಾಕಿ ಪೊಟ್ಯಾಸಿಯಂ ಅನ್ನು ಒಳತರುವ ‘ಪಂಪ್’ ಒಂದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದರು. ಡಿಗಾಕ್ಸಿನ್ ಈ ಪಂಪನ್ನು ಭಾಗಶಃ ತಡೆಯುತ್ತದೆ. ಆಗ ಹೃದಯದ ಕೋಶದಲ್ಲಿ ಸೋಡಿಯಂ ಉಳಿದು, ಅದರಿಂದ ಕ್ಯಾಲ್ಸಿಯಂ ಹೆಚ್ಚಿ, ಹೃದಯಸ್ನಾಯು ಬಲವಾಗಿ ಸಂಕುಚಿಸುತ್ತದೆ. ನರದ ಮೂಲಕವೂ ವರ್ತಿಸಿ ಅದು ಅತಿವೇಗದ ಬಡಿತವನ್ನು ತಗ್ಗಿಸುತ್ತದೆ. ಆದರೆ ಅಂಥ ಪಂಪು ದೇಹದ ಇತರ ಕೋಶಗಳಲ್ಲಿಯೂ ಇರುವುದರಿಂದ ಔಷಧ ಹೆಚ್ಚಾದರೆ ಅಪಾಯ ತಪ್ಪದು. ಮೂತ್ರಪಿಂಡಗಳು ದುರ್ಬಲವಾದಾಗ ಅಥವಾ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ನಿನ್ನೆ ಹಿತವಾಗಿದ್ದ ಪ್ರಮಾಣವೇ ಇಂದು ಅಹಿತವಾಗಬಹುದು.

ಪೆನಿಸಿಲಿನ್ನಿನ ಚರಿತ್ರೆ ಇನ್ನೊಂದು ಬಗೆಯ ಪಾಠವನ್ನು ಹೇಳುತ್ತದೆ. 1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್, ತಮ್ಮ ತಟ್ಟೆಯೊಂದರಲ್ಲಿ ಬೆಳೆದ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾಗಳು ಕರಗಿರುವುದನ್ನು ಕಂಡರು. ಅದನ್ನು ಔಷಧವಾಗಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು. 1940ರ ಮೇ ತಿಂಗಳಲ್ಲಿ ಅವರು ಎಂಟು ಇಲಿಗಳಿಗೆ ಸೋಂಕು ತಗುಲಿಸಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮದ್ದು ದೊರೆಯದ ನಾಲ್ಕೂ ಬೆಳಗಾಗುವುದರೊಳಗೆ ಸತ್ತವು. ಇಂದು ಮನುಷ್ಯನು ಪಡೆಯುವ ಆರೋಗ್ಯದ ಹಿಂದೆ ಈ ಮೂಕಜೀವಿಗಳ ಸಾವೂ ಇದೆಯೆಂಬುದನ್ನು ಮರೆಯಲಾಗದು. 1941ರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಚಿಕಿತ್ಸೆ ಆರಂಭವಾಯಿತು. ಕೆಲವೇ ದಿನಗಳಲ್ಲಿ ಅವರು ಚೇತರಿಸಿಕೊಂಡರು. ಅವರ ಮೂತ್ರದಿಂದಲೂ ಔಷಧವನ್ನು ಮರಳಿ ಪಡೆದು ಕೊಟ್ಟರೂ ದಾಸ್ತಾನು ಮುಗಿಯಿತು. ಸೋಂಕು ಮರುಕಳಿಸಿ ಅವರು ತೀರಿಕೊಂಡರು.

ಬ್ಯಾಕ್ಟೀರಿಯಾಗಳಿಗೆ ಕೋಶಭಿತ್ತಿಯಿದೆ, ಮನುಷ್ಯನ ಕೋಶಗಳಿಗೆ ಇಲ್ಲ. ಪೆನಿಸಿಲಿನ್ ಆ ಭಿತ್ತಿಯ ರಚನೆಯನ್ನು ಕೆಡಿಸುತ್ತದೆ. ಆದ್ದರಿಂದಲೇ, ಅಲರ್ಜಿಯಿಲ್ಲದವರಿಗೆ ಅದು ಬಹುಮಟ್ಟಿಗೆ ನಿರಪಾಯಕಾರಿ. ಭಿತ್ತಿಯೇ ಇಲ್ಲದ ವೈರಸ್‌ಗಳ ನೆಗಡಿ, ಫ್ಲೂಗಳಿಗೆ ಅದರಿಂದ ಪ್ರಯೋಜನವಿಲ್ಲ. ಡಿಗಾಕ್ಸಿನ್‌ನಲ್ಲಿ ಹೆಚ್ಚಾದರೆ ಭಯ. ಪೆನಿಸಿಲಿನ್‌ನಲ್ಲಿ ಕಡಿಮೆಯಾದರೂ ಭಯ. 1945ರ ನೊಬೆಲ್ ಉಪನ್ಯಾಸದಲ್ಲಿಯೇ ಫ್ಲೆಮಿಂಗ್, ಸಾಲದ ಪ್ರಮಾಣದಲ್ಲಿ ಕೊಟ್ಟರೆ ರೋಗಾಣುಗಳು ಔಷಧವನ್ನು ಎದುರಿಸುವ ಶಕ್ತಿ ಪಡೆಯುತ್ತವೆಂದು ಎಚ್ಚರಿಸಿದ್ದರು. ಅನಗತ್ಯ ಬಳಕೆಯಿಂದಲೂ ಇದೇ ಆಗುತ್ತದೆ: ದುರ್ಬಲವಾದವು ಸಾಯುತ್ತವೆ, ಬಲಿಷ್ಠವಾದವು ಉಳಿದು ಹೆಚ್ಚುತ್ತವೆ. ಒಬ್ಬನ ಅವಿವೇಕದ ಫಲವನ್ನು ಅವನನ್ನು ನೋಡಿಯೇ ಇರದ ಮತ್ತೊಬ್ಬನು ಅನುಭವಿಸಬೇಕಾಗುತ್ತದೆ.

ಈ ಎರಡು ಬಗೆಯ ಔಷಧಗಳು ಒಂದೇ ದೇಹದಲ್ಲಿ ಸಂಧಿಸುವುದೂ ಉಂಟು. ಕೆಲವರ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಡಿಗಾಕ್ಸಿನ್‌ನ ಒಂದಂಶವನ್ನು ನಿಷ್ಫಲಗೊಳಿಸುತ್ತವೆ. ಪ್ರತಿಜೀವಕವು ಅವುಗಳನ್ನು ಅಡಗಿಸಿದಾಗ ರಕ್ತದಲ್ಲಿ ಡಿಗಾಕ್ಸಿನ್ ಏರುತ್ತದೆ ಎಂಬುದನ್ನು 1981ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕ್ಲಾರಿತ್ರೊಮೈಸಿನ್‌ನಂಥವು ಡಿಗಾಕ್ಸಿನ್ ದೇಹದಿಂದ ಹೊರಹೋಗುವುದನ್ನೂ ತಡೆಯುತ್ತವೆ. ಆದುದರಿಂದ ಹೃದ್ರೋಗಿಯು ಕೆಮ್ಮಿಗೆಂದು ಹೊಸ ವೈದ್ಯರ ಬಳಿ ಹೋದಾಗ ತಾನು ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಬೇಕು.

ಮನೆಗಳಲ್ಲಿ ಉಳಿದ ಮಾತ್ರೆಗಳನ್ನು ನೆರೆಯವರಿಗೆ ಕೊಡುವುದು, ಹಾಯೆನಿಸಿತೆಂದು ಹೃದಯದ ಔಷಧವನ್ನು ತಾವೇ ಬಿಡುವುದು, ಜ್ವರ ಬಂದೊಡನೆ ಹಳೆಯ ಚೀಟಿಯಿಂದ ಪ್ರತಿಜೀವಕ ತರುವುದು ಇಂದಿಗೂ ನಡೆದಿದೆ. ಎಷ್ಟು ದಿನ, ಎಷ್ಟು ಪ್ರಮಾಣ ಎಂಬುದು ರೋಗಕ್ಕೂ ರೋಗಿಗೂ ತಕ್ಕಂತೆ ಬೇರೆಯಾಗುವುದರಿಂದ ಆ ತೀರ್ಮಾನ ವೈದ್ಯರದು. ಔಷಧದಾನವನ್ನು ಪುಣ್ಯಕಾರ್ಯವೆಂದು ನಡೆಸಿಕೊಂಡು ಬಂದಿರುವ ಟ್ರಸ್ಟುಗಳೂ ಮಾತ್ರೆಗಳ ಜೊತೆಗೆ ವೈದ್ಯರ ಪರೀಕ್ಷೆಗೂ ಏರ್ಪಾಡು ಮಾಡುವುದು ಅವಶ್ಯಕ. ಅಳತೆಯರಿಯದೆ ಕೊಟ್ಟ ಔಷಧವು ಕೊಟ್ಟವರ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಹಿತವಾಗಿ ಪರಿಣಮಿಸುವುದಿಲ್ಲ.