ಪುಣೆಯ ಕನ್ನಡಿಗರು ಯಾವ ಊರಿನವರು?

ಪರವೂರಿಗೆ ಹೋಗಿ ನೆಲೆಸಿದವರ ಬಗ್ಗೆ ಚೀನೀಯರಲ್ಲಿ ಎರಡು ಮಾತುಗಳಿವೆ. ಉದುರಿದ ಎಲೆ ಬೇರಿಗೇ ಮರಳುತ್ತದೆ ಅನ್ನೋದು ಒಂದು. ಬಿದ್ದ ನೆಲದಲ್ಲೇ ಬೇರು ಬಿಡಬೇಕು ಅನ್ನೋದು ಇನ್ನೊಂದು. ದುಡಿಯಲು ಹೋದವನು ಮುಪ್ಪಿನಲ್ಲಿ ಊರಿಗೆ ಬರುತ್ತಾನೆ ಎಂಬ ನಂಬಿಕೆ ಮೊದಲನೆಯದರಲ್ಲಿದೆ. ಎರಡನೆಯದು ಸಿಂಗಪುರ, ಮಲಯ, ಇಂಡೋನೇಷ್ಯಾಗಳಲ್ಲಿ ಮನೆ ಕಟ್ಟಿ ಮಕ್ಕಳನ್ನು ಬೆಳೆಸಿದವರ ಮಾತು. ಪುಣೆಯ ಕನ್ನಡಿಗರ ಚರಿತ್ರೆ ನೋಡುವಾಗ ಈ ಎರಡೂ ನೆನಪಾಗುತ್ತವೆ. ಆದರೆ ನಮ್ಮವರ ಕಥೆಗೆ ಒಂದು ತಿರುವು ಉಂಟು. ಇವರಲ್ಲಿ ಬಹಳ ಜನ ಮನೆ ಬಿಟ್ಟಾಗ ಪರನಾಡಿಗೆ ಹೋಗಲೇ ಇಲ್ಲ. ಪುಣೆ ಪರನಾಡಾದದ್ದು ಆಮೇಲೆ.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಆ ಕಡೆಯ ಹುಡುಗ ಮ್ಯಾಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಿತ್ತು. ಪುಣೆಯಲ್ಲಿ ಹಳೆಯ ಡೆಕ್ಕನ್ ಕಾಲೇಜಿತ್ತು, 1885ರಲ್ಲಿ ಫರ್ಗ್ಯುಸನ್ ಕಾಲೇಜೂ ಬಂತು. ಹುಬ್ಬಳ್ಳಿ ಕಡೆಯವರಿಗೆ ಆಗ ಬೆಂಗಳೂರೇ ಬೇರೆ ಸಂಸ್ಥಾನದ ಊರು. ಪುಣೆ ತಮ್ಮದೇ ಪ್ರಾಂತದ ವಿದ್ಯಾಕೇಂದ್ರ.

ಸೋಜಿಗವೆಂದರೆ, ಕರ್ನಾಟಕ ಒಂದಾಗಬೇಕು ಅಂತ ಜೀವ ತೇಯ್ದ ಆಲೂರು ವೆಂಕಟರಾಯರು ಓದಿದ್ದು ಈ ಫರ್ಗ್ಯುಸನ್ ಕಾಲೇಜಿನಲ್ಲೇ. ಅವರು 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು, ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೂ ತಂದರು. ಮರಾಠಿಗರ ಸ್ವಭಾಷಾಭಿಮಾನವನ್ನು ಹತ್ತಿರದಿಂದ ಕಂಡವರು ತಮ್ಮ ಭಾಷೆಯ ಕಡೆ ತಿರುಗಿ ನೋಡಿದ್ದು ಸಹಜವೇ. ಬೇಂದ್ರೆಯವರೂ ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಅವರ ಮನೆಮಾತು ಮರಾಠಿ. ಆದರೂ ಧಾರವಾಡದಲ್ಲಿ ಹುಟ್ಟಿದ ಈ ಮನುಷ್ಯ ಕನ್ನಡದ ವರಕವಿಯಾದರು. ಇವರು ಯಾವ ಊರಿನವರು ಅಂತ ಕೇಳಿದರೆ ನಾವು ಒಂದು ಕ್ಷಣವೂ ತಡವರಿಸುವುದಿಲ್ಲ.

ಓದುವವರ ಹಿಂದೆ ಹೊಟ್ಟೆಪಾಡಿನವರೂ ಬಂದರು. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯಲ್ಲಿ ದೋಸೆ ತಿನ್ನದ ಪುಣೆಯವರು ಅಪರೂಪ. ಅದನ್ನು ಕಟ್ಟಿದ ಜಗನ್ನಾಥ ಶೆಟ್ಟರು ಕಾರ್ಕಳ ಕಡೆಯಿಂದ ಹದಿಹರೆಯದಲ್ಲೇ ಬಂದವರು, 2023ರಲ್ಲಿ ತೀರಿಕೊಂಡರು. ಹೋಟೆಲಿನ ಮೊದಲಿನ ಹೆಸರು ‘ಮದ್ರಾಸ್ ಹೆಲ್ತ್ ಹೋಮ್’. ತುಳುನಾಡಿನವನ ಹೋಟೆಲಿಗೆ ಮದರಾಸಿನ ಹೆಸರೇಕೆ ಅಂತ ಇವತ್ತಿನವರಿಗೆ ನಗು ಬರಬಹುದು. ದಕ್ಷಿಣದಿಂದ ಬಂದವರೆಲ್ಲ ‘ಮದ್ರಾಸಿ’ಗಳೆಂಬ ರೂಢಿ ಇತ್ತು, ನಿಜ. ಆದರೆ ಸರ್ಕಾರಿ ದಾಖಲೆಯ ಪ್ರಕಾರವೂ ಆ ಹೆಸರು ತಪ್ಪಲ್ಲ ನೋಡಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲೇ ಇತ್ತು. ಹೀಗೆ ಪುಣೆಯ ಒಂದೇ ರಸ್ತೆಯಲ್ಲಿ ಧಾರವಾಡದ ವಿದ್ಯಾರ್ಥಿ ಸ್ವಂತ ಪ್ರಾಂತದವನು, ಕಾರ್ಕಳದ ಹೋಟೆಲಿನವನು ಹೊರಗಿನವನು!

1956ರ ನವೆಂಬರ್ 1ರಂದು ಈ ಲೆಕ್ಕವೆಲ್ಲ ಬದಲಾಯಿತು. ಎರಡೂ ಕಡೆಯ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಊರಲ್ಲಿದ್ದವರಿಗೆ ಏಕೀಕರಣ ಹಬ್ಬ. ಪುಣೆಯಲ್ಲಿದ್ದವರಿಗೂ ಹಬ್ಬವೇ, ಆದರೆ ಅದರ ಜೊತೆಗೇ ಅವರು ‘ಹೊರನಾಡ ಕನ್ನಡಿಗರು’ ಆಗಿಬಿಟ್ಟರು. ಮನೆ ಅದೇ, ನೌಕರಿ ಅದೇ, ಪಕ್ಕದ ಮನೆಯವರೂ ಅವರೇ.

ಇಲ್ಲಿ ಮತ್ತೆ ಚೀನೀಯರನ್ನು ನೆನೆಯಬೇಕು. 1955ರಲ್ಲಿ ಬಾಂಡುಂಗ್‌ನಲ್ಲಿ ಚೀನಾ ಮತ್ತು ಇಂಡೋನೇಷ್ಯಾ ಒಂದು ಒಪ್ಪಂದ ಮಾಡಿಕೊಂಡವು. ಎರಡೂ ಕಡೆಯ ಪೌರತ್ವ ಇದ್ದವರು ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು ಅಂತ ಅದರ ಸಾರ. ನಮ್ಮ ದೇಶದ ಚೀನೀಯರಿಗೆ ಆರಿಸಿಕೊಳ್ಳುವ ಅವಕಾಶವೂ ಸಿಗಲಿಲ್ಲ. 1962ರ ಯುದ್ಧದ ಹೊತ್ತಿಗೆ ಅಸ್ಸಾಂ, ಬಂಗಾಳಗಳಿಂದ ಸುಮಾರು 3,000 ಮಂದಿಯನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಅವರಲ್ಲಿ ಅನೇಕರು ಇಲ್ಲೇ ಹುಟ್ಟಿದವರು. ಕೆಲವರು ವರ್ಷಗಟ್ಟಲೆ ಅಲ್ಲೇ ಕೊಳೆತರು. ಅಂಥ ಕಷ್ಟ ಪುಣೆಯ ಕನ್ನಡಿಗರಿಗೆ ಬರಲಿಲ್ಲ. ಒಂದೇ ದೇಶದ ಪ್ರಜೆಗಳು ಅನ್ನೋ ಆಸರೆ ಸಣ್ಣದಲ್ಲ.

ಹಾಗಂತ ನೆಮ್ಮದಿಯೇ ಅಂತಲೂ ಹೇಳುವಂತಿಲ್ಲ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲೆ. ಬೆಳಗಾವಿಯಲ್ಲಿ ಗದ್ದಲವಾದರೆ ಅದರ ಬಿಸಿ ಪುಣೆಗೂ ತಟ್ಟುತ್ತದೆ. 2022ರ ಡಿಸೆಂಬರಿನಲ್ಲಿ ಅಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದದ್ದು ನೆನಪಿರಬಹುದು. ಇಂಥ ದಿನಗಳಲ್ಲಿ ‘ತುಮ್ಹೀ ಮೂಳ್‌ಚೇ ಕುಠ್ಲೇ?’, ಅಂದರೆ ನೀವು ಮೂಲತಃ ಎಲ್ಲಿಯವರು ಅನ್ನೋ ಮಾಮೂಲಿ ಪ್ರಶ್ನೆಗೂ ಯೋಚಿಸಿ ಉತ್ತರ ಕೊಡಬೇಕಾಗುತ್ತದೆ.

ಆದರೂ ಬೇರು ಬಿಟ್ಟಿದ್ದಾರೆ. ಪುಣೆಯ ಕನ್ನಡ ಸಂಘ ಎರಂಡವಣೆಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಕಟ್ಟಿತು, ‘ಕಾವೇರಿ’ ಹೆಸರಿನಲ್ಲಿ ಎಲ್ಲರಿಗೂ ಕಾಲೇಜು ತೆರೆಯಿತು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವವರು ಮಾತ್ರ ಇವತ್ತಿಗೂ ಮೊದಲನೆಯ ಮಾತಿನವರು, ಜಾತ್ರೆಗೆ, ಬಿತ್ತನೆಗೆ ಊರಿಗೆ ಮರಳುವ ಎಲೆಗಳು. ಅವರ ಮಕ್ಕಳಿಗೆ ಅಕ್ಷರ ಯಾವ ಭಾಷೆಯಲ್ಲಿ ಅನ್ನೋದು ಸಂಘದ ಸಭೆಗಳಾಚೆಗೂ ಉಳಿಯುವ ಪ್ರಶ್ನೆ.

ಇನ್ನು ಸಂಗೀತ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ರಂಗಭೂಮಿಯಲ್ಲಿ ಹಾಡಿ ಹೆಸರಾದವರು. 1952ರಲ್ಲಿ ಅವರು ತೀರಿಕೊಂಡ ಮೇಲೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಿಂದ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ನಡೆಸಿದರು. ಅದೇ ಗಂಟಲಲ್ಲಿ ತುಕಾರಾಮರ ಅಭಂಗ, ಅದೇ ಗಂಟಲಲ್ಲಿ ಪುರಂದರದಾಸರ ಪದ. 2011ರಲ್ಲಿ ಅವರು ತೀರಿಕೊಂಡದ್ದೂ ಪುಣೆಯಲ್ಲೇ. ಅಲ್ಲಿಯವರು ಅವರನ್ನು ‘ನಮ್ಮ ಅಣ್ಣಾ’ ಅಂದಾಗ ನಮ್ಮ ಕಡೆ ಕೆಲವರಿಗೆ ಕಸಿವಿಸಿ ಆಗುತ್ತದೆ.

ಆಗಬಾರದು. ಮನೆಮಾತು ಕೇಳದೆ ಬೇಂದ್ರೆಯವರನ್ನು ನಮ್ಮವರೆಂದ ನಾವು, ಹುಟ್ಟೂರು ಕೇಳದೆ ಭೀಮಸೇನರನ್ನು ತಮ್ಮವರೆನ್ನುವ ಪುಣೆಯವರನ್ನು ಹೇಗೆ ತಡೆಯೋದು? ಹೊರನಾಡ ಕನ್ನಡಿಗರು ನಮ್ಮನ್ನು ಮರೆತರು ಅಂತ ಪ್ರತಿ ನವೆಂಬರಿನಲ್ಲೂ ದೂರುವ ಮೊದಲು, ಅವರಲ್ಲಿ ಎಷ್ಟೋ ಮಂದಿಯನ್ನು ಹೊರನಾಡಿಗರನ್ನಾಗಿ ಮಾಡಿದ್ದು ಆ ತಿಂಗಳ ಮೊದಲ ತಾರೀಖೇ ಅನ್ನೋದನ್ನು ನೆನಪಿಟ್ಟುಕೊಂಡರೆ ಸಾಕು.